ಬಿಚ್ಚಿ ಕಟ್ಟುವ ವಿದ್ಯೆ

ಬಿಡಿತುಂಡುಗಳನ್ನು ಒಂದಕ್ಕೊಂದು ಹೊಂದಿಸಿ ಮನೆ, ಸೇತುವೆ, ಬಂಡಿ, ಯಂತ್ರ ಮುಂತಾದವುಗಳ ಪ್ರತಿಕೃತಿಗಳನ್ನು ಕಟ್ಟುವ ಆಟವನ್ನು ಬಾಲ್ಯದಲ್ಲಿ ಹಿಡಿದು, ತಲೆ ನರೆತ ಮೇಲೂ ಬಿಡದೆ ಮುಂದುವರಿಸಿಕೊಂಡು ಬಂದಿರುವ ಹವ್ಯಾಸಿಗಳು ಲೋಕದ ಅನೇಕ ದೇಶಗಳಲ್ಲಿ ಉಂಟು. ಅಂಥವರು ಇಬ್ಬರು ಕಲೆತರೆ ತಪ್ಪದೆ ಹೊರಡುವ ವ್ಯಥೆಯ ಮಾತೂ ಒಂದುಂಟು. ಹಿಂದೆ ನೂರಾರು ತುಂಡುಗಳಿಂದ ಸಿದ್ಧವಾಗುತ್ತಿದ್ದ ವಸ್ತು ಈಗ ಹತ್ತಿಪ್ಪತ್ತು ತುಂಡುಗಳಿಂದ ಮುಗಿದುಹೋಗುತ್ತದೆ. ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟು ಏರಿಸಬೇಕಾಗಿದ್ದ ಗೋಡೆ ಕಿಟಕಿ ಬಾಗಿಲುಗಳ ಸಮೇತ ಇಡಿಯಾಗಿ ಅಚ್ಚಿನಿಂದ ಇಳಿದು ಬರುತ್ತದೆ. ಕಟ್ಟುವವನು ಆಲೋಚಿಸಬೇಕಾದುದನ್ನೆಲ್ಲ ಕಾರ್ಖಾನೆಯವರೇ ಮುಂದಾಗಿ ಆಲೋಚಿಸಿ ಮುಗಿಸಿರುತ್ತಾರೆ. ಮಕ್ಕಳ ಆಟದ ಸಾಮಾನಿಗಾಗಿ ದೊಡ್ಡವರು ಇಷ್ಟೇಕೆ ಕೊರಗಬೇಕೆಂದು ಕೇಳಿದವರು ನಗುವುದು ಸಹಜ. ಆ ಕೊರಗಿನ ಒಳಗೆ ಕುಶಲವಿದ್ಯೆಯ ಬಗೆಗಿನ ಒಂದು ಗುರುತರವಾದ ಪ್ರಶ್ನೆ ಅಡಗಿದೆಯೆಂಬುದು ನನ್ನ ದೃಢವಾದ ನಂಬಿಕೆ. ಅದನ್ನು ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳ ಪೂರ್ವಚರಿತ್ರೆಯನ್ನು ಎದುರಿಗಿಟ್ಟುಕೊಂಡು ನೋಡಬೇಕೆಂಬುದು ಈ ಬರಹದ ಉದ್ದೇಶ.

ಮೊದಲು ಆ ಆಟದ ಪೆಟ್ಟಿಗೆಗಳ ವೃತ್ತಾಂತವನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಫ್ರಾಂಕ್ ಹಾರ್ನ್‌ಬಿ ಎಂಬಾತನು 1901ರಲ್ಲಿ ಹಕ್ಕುಪತ್ರ ಪಡೆದು, ಮುಂದೆ 1907ರಲ್ಲಿ ಮೆಕ್ಯಾನೊ ಎಂದು ನಾಮಕರಣ ಮಾಡಿದ ಪೆಟ್ಟಿಗೆಯಲ್ಲಿ ಇದ್ದುದು ಅರ್ಧ ಅಂಗುಲಕ್ಕೊಂದರಂತೆ ರಂಧ್ರ ಕೊರೆದ ಲೋಹದ ಪಟ್ಟಿಗಳು, ಅಚ್ಚುಗಳು, ಹಲ್ಲುಗಾಲಿಗಳು, ನಟ್ಟು ಬೋಲ್ಟುಗಳು. ಅದರಲ್ಲಿ ಇಂಥದೇ ವಸ್ತುವೆಂದು ಗುರುತಿಸಬಹುದಾದ ತುಂಡು ಒಂದೂ ಇರಲಿಲ್ಲವಾದ ಕಾರಣ ಯಾವ ವಸ್ತುವನ್ನಾದರೂ ಅದರಿಂದ ಕಟ್ಟಬಹುದಾಗಿತ್ತು. ಈ ಮಾತಿನಲ್ಲಿ ಉತ್ಪ್ರೇಕ್ಷೆಯಿಲ್ಲ. 1934ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದ ಡಗ್ಲಸ್ ಹಾರ್ಟ್ರಿ ಮತ್ತು ಆರ್ಥರ್ ಪೋರ್ಟರ್ ಎಂಬವರು ಇದೇ ಮಕ್ಕಳ ಸಾಮಾನುಗಳಿಂದ, ಅವಕಲ ಸಮೀಕರಣಗಳನ್ನು ಬಿಡಿಸುವ ಒಂದು ಗಣಕಯಂತ್ರವನ್ನು ನಿರ್ಮಿಸಿ ವಿಜ್ಞಾನಕಾರ್ಯಕ್ಕೆ ಬಳಸಿದರು. ಅಂಥ ಸಂಸ್ಥೆಯ ಲಿವರ್‌ಪೂಲ್ ಕಾರ್ಖಾನೆ 1979ರಲ್ಲಿ ಮುಚ್ಚಿಹೋಯಿತು. ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಊರಿನಲ್ಲಿ ಬಡಗಿಯೊಬ್ಬನು 1932ರಲ್ಲಿ ಆರಂಭಿಸಿದ ಲೆಗೊ ಸಂಸ್ಥೆ 1958ರಲ್ಲಿ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಳ್ಳುವ ಇಟ್ಟಿಗೆಯನ್ನು ಹೊರತಂದಿತು. ಎಂಟು ಗುಬುಟುಗಳುಳ್ಳ ಆರೇ ಆರು ಇಟ್ಟಿಗೆಗಳನ್ನು 91,51,03,765 ಬಗೆಗಳಲ್ಲಿ ಜೋಡಿಸಬಹುದೆಂದು ಗಣಿತಜ್ಞರು ಲೆಕ್ಕ ಹಾಕಿದ್ದಾರೆ. ಅದೇ ಸಂಸ್ಥೆ 1990ರ ದಶಕದ ಕೊನೆಯ ವರ್ಷಗಳಲ್ಲಿ, ಮಕ್ಕಳಿಗೆ ಸಹನೆ ಕಡಿಮೆಯಾಗಿದೆಯೆಂದು ಎಣಿಸಿಯೋ ಏನೋ, ಹಲವು ಇಟ್ಟಿಗೆಗಳ ಕೆಲಸವನ್ನು ಒಂದೇ ದೊಡ್ಡ ತುಂಡಿಗೆ ವಹಿಸಿದ ಸರಳ ಪೆಟ್ಟಿಗೆಗಳನ್ನು ಹೊರಡಿಸತೊಡಗಿದಾಗ ಪ್ರೌಢ ಹವ್ಯಾಸಿಗಳು ಬಹಳವಾಗಿ ನೊಂದರು. 2003ರಲ್ಲಿ ಸಂಸ್ಥೆಗೆ ಭಾರಿ ನಷ್ಟ ಒದಗಿತು. ಅದಕ್ಕೆ ಬೇರೆ ಕಾರಣಗಳೂ ಇದ್ದುವು. 2004ರಲ್ಲಿ ಆಡಳಿತ ಬದಲಾಗಿ, ಅನಂತರದ ವರ್ಷಗಳಲ್ಲಿ ಅದು ಬಿಡಿ ಇಟ್ಟಿಗೆಗಳ ಕಟ್ಟಣೆಗೇ ಮರಳಿತು. ಕೊರಗುತ್ತಿದ್ದವರು ಹೇಳುತ್ತಿದ್ದುದು ಹುಚ್ಚುಮಾತಲ್ಲವೆಂಬುದಕ್ಕೆ ಇಷ್ಟು ಸಾಕು.

ಇನ್ನು ನಮ್ಮ ಸೀಮೆಗೆ ಬರೋಣ. ಕೃಷ್ಣರಾಜಪೇಟೆಗೆ ಅತಿ ಸಮೀಪದಲ್ಲಿರುವ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯವನ್ನು ನೋಡಲು ಹೋದವರು ಸಾಮಾನ್ಯವಾಗಿ ಅಧಿಷ್ಠಾನದ ಮೇಲಿನ ಆನೆಗಳ ಸಾಲು, ಕುದುರೆಗಳ ಸಾಲು, ಬಳ್ಳಿಯ ಸಾಲು, ಪುರಾಣಕಥೆಗಳ ಸಾಲು, ಮಕರ ಹಂಸಗಳ ಸಾಲು ಇವುಗಳನ್ನು ಕಂಡು, ಆ ಸೂಕ್ಷ್ಮ ಕೆತ್ತನೆಗೆ ಬೆರಗಾಗಿ ಹಿಂದಿರುಗುತ್ತಾರೆ. ಸುಮಾರು 1250ರಲ್ಲಿ, ಹೊಯ್ಸಳ ದೊರೆ ವೀರಸೋಮೇಶ್ವರನ ಕಾಲದಲ್ಲಿ, ಎದ್ದುನಿಂತ ಈ ತ್ರಿಕೂಟ ದೇಗುಲದಲ್ಲಿ ಕೆತ್ತನೆಯಷ್ಟೇ ಆಶ್ಚರ್ಯಕರವಾದುದು ಅದರ ಕಟ್ಟಣೆ. ಗಣಿಯಿಂದ ತೆಗೆದ ಹೊಸತರಲ್ಲಿ ಮೃದುವಾಗಿದ್ದು, ಗಾಳಿಗೆ ಒಡ್ಡಿದ ಮೇಲೆ ಕ್ರಮೇಣ ಗಟ್ಟಿಯಾಗುವ ಬಳಪದ ಕಲ್ಲನ್ನು ತುಂಡು ತುಂಡಾಗಿ ಕಂಡರಿಸಿ, ಒಂದು ಕಲ್ಲಿನ ಕೂರನ್ನು ಮತ್ತೊಂದರ ಕುಳಿಯಲ್ಲಿ ಕೂರಿಸಿ, ಗಾರೆಯ ನೆರವಿಲ್ಲದೆ, ಭಾರ ಮತ್ತು ಹೊಂದಿಕೆಗಳ ಬಲದಿಂದಲೇ ಇಡೀ ಕಟ್ಟಡವನ್ನು ನಿಲ್ಲಿಸುವುದು ಹೊಯ್ಸಳ ಶಿಲ್ಪಿಗಳ ಪದ್ಧತಿ. ಹಾಗೆ ಕಟ್ಟಬೇಕಾದರೆ ಒಂದೊಂದು ಕಲ್ಲಿನ ಸ್ಥಾನವೂ ಅದನ್ನು ಕಡಿಯುವುದಕ್ಕೆ ಮೊದಲೇ ಸೂತ್ರಧಾರನ ಮನಸ್ಸಿನಲ್ಲಿ ನಿರ್ಣಯವಾಗಿರಬೇಕು; ಕೆಳಗಿನ ವರಸೆಯಲ್ಲಿ ಎಳ್ಳುಕಾಳಿನಷ್ಟು ತಪ್ಪಿದರೆ ಮೇಲಿನ ವರಸೆಗಳಲ್ಲೆಲ್ಲ ಅದು ಬೆಳೆಯುತ್ತ ಹೋಗುತ್ತದೆ. ನವರಂಗದ ತಿರುಗಣೆ ಕಂಬಗಳನ್ನು ನೋಡಿದರೂ ಅಷ್ಟೆ. ಬಳೆಗಳಂತೆಯೂ ಗಂಟೆಗಳಂತೆಯೂ ಕಡೆದು ನುಣುಪು ಮಾಡಿದ ದಿಂಡು, ಅದರ ಮೇಲಿನ ಬೋದಿಗೆ, ತೊಲೆ, ತೊಲೆಗಳ ನಡುವಣ ಭುವನೇಶ್ವರಿಯೆಂಬ ಕೆತ್ತನೆಯ ಛಾವಣಿ, ಇವುಗಳಲ್ಲಿ ಯಾವುದು ಎಲ್ಲಿ ಮುಗಿದು ಯಾವುದು ಎಲ್ಲಿ ಆರಂಭವಾಗುವುದೆಂಬುದನ್ನು ಕಣ್ಣು ಸುಲಭವಾಗಿ ಗುರುತಿಸುತ್ತದೆ. ಕಟ್ಟಡ ತನ್ನನ್ನು ಕಟ್ಟಿದ ಕ್ರಮವನ್ನು ಮರೆಮಾಡುವುದಿಲ್ಲ.

ಇದೇ ತಾಲ್ಲೂಕಿನ ಕಿಕ್ಕೇರಿಯ ಬ್ರಹ್ಮೇಶ್ವರ ದೇವಾಲಯ ಇದಕ್ಕಿಂತ ಹಳೆಯದು, 1171ರದು. ಗೋವಿಂದನಹಳ್ಳಿಯ ಪಂಚಲಿಂಗೇಶ್ವರ ದೇವಾಲಯದಲ್ಲಿ ಐದು ಗರ್ಭಗೃಹಗಳು ಒಂದೇ ಸಾಲಿನಲ್ಲಿ ನಿಂತಿವೆ, ಅಲ್ಲಿ ರೂವಾರಿ, ಎಂದರೆ ಶಿಲ್ಪಿ, ಮಲ್ಲಿತಮ್ಮನ ಹೆಸರು ದೊರೆಯುತ್ತದೆ. ಹೊಯ್ಸಳ ದೇಗುಲಗಳ ಭಿತ್ತಿಗಳನ್ನು ಸಾವಧಾನವಾಗಿ ನೋಡಿದವರಿಗೆ ಇನ್ನೊಂದು ಸಂಗತಿ ಕಾಣುತ್ತದೆ. ದೊಡ್ಡ ವಿಗ್ರಹಗಳ ಮೇಲೆಯೂ ನಡುವೆಯೂ ಅಂಗೈಯಗಲದ, ಮೊಳದುದ್ದದ ಕಿರುಗೋಪುರಗಳನ್ನು ಅರೆಗಂಬಗಳ ಮೇಲೆ ನಿಲ್ಲಿಸಿ ಕೆತ್ತಿದ್ದಾರೆ. ದ್ರಾವಿಡ, ನಾಗರ ಮುಂತಾದ ಬೇರೆ ಬೇರೆ ಶೈಲಿಗಳ ಶಿಖರಗಳು ಅವುಗಳಲ್ಲಿ ಯಥಾವತ್ತಾಗಿ ಮೂಡಿವೆ. ತಾವು ಎಲ್ಲಿಯೂ ದೊಡ್ಡದಾಗಿ ಕಟ್ಟದ ಶೈಲಿಯನ್ನು ಕೂಡ ಆ ಶಿಲ್ಪಿಗಳು ಪ್ರತಿಕೃತಿಯಲ್ಲಿ ಕಟ್ಟಿ ನೋಡಿದರು. ತಲಗಳ ಸಂಖ್ಯೆ ತಗ್ಗಿಸದೆ, ಸ್ತೂಪಿ ಕಲಶಗಳನ್ನು ಬಿಡದೆ, ಅಳತೆಯನ್ನು ಮಾತ್ರ ಕುಗ್ಗಿಸಿ ಅಂಗಗಳನ್ನೆಲ್ಲ ಉಳಿಸಿಕೊಂಡ ಆ ಚಿಕ್ಕ ದೇಗುಲಗಳಿಗಿಂತ ಪ್ರೌಢವಾದ ಪ್ರತಿಕೃತಿಗಳು ಈ ಸೀಮೆಯಲ್ಲಿ ಬೇರೆ ಇಲ್ಲ. ಚಿಕ್ಕದು ಮಾಡುವುದಕ್ಕೂ ಸುಲಭ ಮಾಡುವುದಕ್ಕೂ ಇರುವ ಅಂತರವನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು.

ನಾಗಮಂಗಲದ ಸೌಮ್ಯಕೇಶವ ದೇವಾಲಯವೂ ಹೊಯ್ಸಳರ ಕಾಲದ್ದೇ. ಆ ಊರು ಹೆಸರಾದುದು ಲೋಹಶಿಲ್ಪದಿಂದ. ಮೇಣದಲ್ಲಿ ರೂಪ ತಿದ್ದಿ, ಮಣ್ಣು ಮೆತ್ತಿ, ಮೇಣ ಕರಗಿಸಿ, ಆ ತೆರವಿಗೆ ಕಾದ ಲೋಹವನ್ನು ಹೊಯ್ಯುವ ವಿಶ್ವಕರ್ಮರ ವಿದ್ಯೆ ಅಲ್ಲಿ ಇಂದಿಗೂ ನಡೆದುಬಂದಿದೆ. ಉತ್ಸವಮೂರ್ತಿಯ ಪೀಠ ಬೇರೆ, ಪ್ರಭಾವಳಿ ಬೇರೆ, ಮೂರ್ತಿ ಬೇರೆಯಾಗಿ ಸಿದ್ಧವಾಗಿ ಕೂರುಕುಳಿಗಳಿಂದ ಒಂದಾಗುವುದನ್ನು ದೇವಸ್ಥಾನದ ಪರಿಚಾರಕರು ಬಲ್ಲರು.

ಶ್ರೀರಂಗಪಟ್ಟಣದ ವಿಷಯವನ್ನು ವಿಸ್ತಾರವಾಗಿಯೇ ಹೇಳಬೇಕು. ಏಕೆಂದರೆ ಲೋಕಪ್ರಸಿದ್ಧವಾದ ಯಾಂತ್ರಿಕ ಆಟಿಕೆಯೊಂದು ಈ ದ್ವೀಪದಿಂದಲೇ ಹೊರಟುದು, ಮತ್ತು ಅದರ ಕಥೆಗೂ ನಮ್ಮ ಹವ್ಯಾಸಿಗಳ ವ್ಯಥೆಗೂ ನೇರವಾದ ಸಂಬಂಧವಿದೆ. 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಸುಲ್ತಾನನು ಹತನಾದ ಮೇಲೆ ಅರಮನೆಯ ಸಂಗೀತಶಾಲೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳಿಗೆ ಸಿಕ್ಕಿದ ವಸ್ತುಗಳಲ್ಲಿ ಮರದಿಂದ ಮಾಡಿ ಬಣ್ಣ ಹಚ್ಚಿದ ಒಂದು ಹುಲಿ ಇತ್ತು. ಉದ್ದ ಸುಮಾರು 178 ಸೆಂಟಿಮೀಟರು, ಎತ್ತರ 71. ಅಂಗಾತ ಬಿದ್ದಿರುವ ಐರೋಪ್ಯ ಪುರುಷನೊಬ್ಬನ ಮೇಲೆರಗಿ ಅವನ ಕೊರಳಿಗೆ ಬಾಯಿ ಹಾಕಿರುವ ಭಂಗಿ. ಪಕ್ಕದಲ್ಲಿರುವ ಹಿಡಿಯನ್ನು ತಿರುಗಿಸಿದರೆ ಒಳಗಿನ ತಿದಿಗಳು ಉಬ್ಬಿ ತಗ್ಗಿ, ಒಂದು ಕೊಳವೆಯಿಂದ ಮನುಷ್ಯನ ಗೋಳೂ ಮತ್ತೊಂದರಿಂದ ಹುಲಿಯ ಗುಟುರೂ ಹೊರಡುತ್ತಿದ್ದುವು. ಅದೇ ಚಲನೆಯಿಂದ ಆ ಮನುಷ್ಯನ ಎಡಗೈ ಮೇಲೆದ್ದು ಇಳಿಯುತ್ತಿತ್ತು. ಇಷ್ಟೇ ಆಗಿದ್ದರೆ ಅದನ್ನು ವಿನೋದದ ವಸ್ತುವೆಂದು ಬಿಡಬಹುದಾಗಿತ್ತು. ಹುಲಿಯ ಪಾರ್ಶ್ವದ ಮುಚ್ಚಳವನ್ನು ತೆರೆದರೆ ಅದರೊಳಗೆ ದಂತದ 18 ಗುಂಡಿಗಳುಳ್ಳ ಒಂದು ಆರ್ಗನ್ ವಾದ್ಯವಿದೆ. ಅದಕ್ಕೆ ಬೇಕಾದ ಕೊಳವೆಗಳೂ ಗಾಳಿಯ ದಾರಿಗಳೂ ಆ ಮರದ ಒಡಲಿನಲ್ಲಿಯೇ ಅಡಕವಾಗಿವೆ. ಶಿಲ್ಪಿ, ಬಡಗಿ, ಚರಕಿಯಲ್ಲಿ ಕಡೆಯುವವನು, ಲೋಹದ ಕೆಲಸದವನು, ವಾದ್ಯ ಮಾಡುವವನು, ಚಿತ್ರಗಾರ ಇಷ್ಟು ಜನರ ವಿದ್ಯೆ ಒಂದೆಡೆ ಸೇರದೆ ಅಂಥ ವಸ್ತು ಆಗತಕ್ಕದ್ದಲ್ಲ.

ಅಷ್ಟು ವಿದ್ಯೆಗಳು ಶ್ರೀರಂಗಪಟ್ಟಣದಲ್ಲಿ ಒಟ್ಟುಗೂಡಿದುದು ಆಕಸ್ಮಿಕವಲ್ಲ. ಶಿರಾ ಪಟ್ಟಣದಿಂದ ಕುಟುಂಬಗಳನ್ನು ತರಿಸಿ ಈ ದ್ವೀಪದ ಗಂಜಾಮಿನಲ್ಲಿ ನೆಲೆಗೊಳಿಸಿದವನು ಟಿಪ್ಪು. ಇಂದು ಪಾಂಡವಪುರವೆಂದು ಕರೆಯುವ ಹಿರೋಡೆಗೆ ಇಂಗ್ಲಿಷರ ಕಾಲದಲ್ಲಿ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಂದುದು ಹೈದರ್ ಮತ್ತು ಟಿಪ್ಪು ಇವರ ಸೇವೆಯಲ್ಲಿದ್ದ ಫ್ರೆಂಚರು ಅಲ್ಲಿ ಬೀಡುಬಿಟ್ಟಿದ್ದುದರಿಂದ. 1788ರಲ್ಲಿ ಟಿಪ್ಪುವಿನ ರಾಯಭಾರಿಗಳು ಫ್ರಾನ್ಸಿಗೆ ಹೋಗಿ ಹದಿನಾರನೆಯ ಲೂಯಿ ದೊರೆಯನ್ನು ವರ್ಸೈಲ್ಸಿನಲ್ಲಿ ಕಂಡಾಗ ಸೈನ್ಯಸಹಾಯದ ಜೊತೆಗೆ ಬೇಡಿದುದು ಕುಶಲ ಕೆಲಸಗಾರರನ್ನು. ಮರುವರ್ಷ ಅವರು ಹಿಂದಿರುಗುವಾಗ ಅಂಥ ಕೆಲವರನ್ನು ಕರೆತಂದರು. ಚನ್ನಪಟ್ಟಣದಲ್ಲಿ ತಯಾರಾಗುತ್ತಿದ್ದ ಉಕ್ಕಿನ ತಂತಿ ವಾದ್ಯಗಳಿಗಾಗಿ ದೂರದ ಸೀಮೆಗಳಿಗೂ ಹೋಗುತ್ತಿದ್ದುದನ್ನು 1800ರಲ್ಲಿ ಇಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಬರೆದಿಟ್ಟಿದ್ದಾನೆ. ಅದೇ ಊರಿನ ಅರಗಿನ ಬಣ್ಣದ ಬೊಂಬೆಗಳ ಕಸುಬಿಗೆ ಟಿಪ್ಪು ಕರೆಸಿದ ಪಾರಸಿ ಶಿಲ್ಪಿಗಳೇ ಮೂಲವೆಂಬ ಪ್ರತೀತಿಯೂ ಪ್ರಚಾರದಲ್ಲಿದೆ. ಹುಲಿಯ ಒಳಗಿನ ಯಂತ್ರದಲ್ಲಿ ಫ್ರೆಂಚರ ಕೈ ಇತ್ತೆಂದು ಊಹಿಸಿದ ವಿದ್ವಾಂಸರುಂಟು. ಯಾರ ಕೈಯೇ ಇರಲಿ, ಅಂದಿನ ದೊರೆಯೊಬ್ಬನು ತನ್ನ ವಿನೋದಕ್ಕೆಂದು ಮಾಡಿಸಿದ ವಸ್ತುವಿನಲ್ಲಿ ಯಾರೂ ಕೆಲಸವನ್ನು ಹಗುರ ಮಾಡಿಕೊಳ್ಳಲಿಲ್ಲ.

ಆ ಹುಲಿಗೆ ಮುಂದೆ ಒದಗಿದ ಗತಿಯನ್ನು ಹೇಳುವಾಗ ಮನಸ್ಸು ಭಾರವಾಗುತ್ತದೆ. ಲಂಡನ್ನಿಗೆ ಹಡಗಿನಲ್ಲಿ ಹೋದ ಅದನ್ನು 1808ರಲ್ಲಿ ಲೆಡನ್‌ಹಾಲ್ ಬೀದಿಯ ಕಂಪನಿ ಭವನದಲ್ಲಿ ಸಾರ್ವಜನಿಕರ ಪ್ರದರ್ಶನಕ್ಕಿಟ್ಟರು. ಬಂದವರೆಲ್ಲ ಹಿಡಿಯನ್ನು ತಿರುಗಿಸಿ ಆನಂದಪಡುತ್ತಿದ್ದರು. ಅಲ್ಲಿಯೇ ಗ್ರಂಥಾಲಯದಲ್ಲಿ ಓದುತ್ತಿದ್ದ ವಿದ್ವಾಂಸರು ಆ ಗದ್ದಲವನ್ನು ಸಹಿಸಲಾರದೆ ಗೊಣಗುತ್ತಿದ್ದರು. ಕಡೆಗೊಮ್ಮೆ ಆ ಹಿಡಿಯೇ ಕಾಣೆಯಾಯಿತು. 1880ರ ಹೊತ್ತಿಗೆ ಹುಲಿ ಈಗಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯಕ್ಕೆ ಬಂದಿತು. ಎರಡನೆಯ ಮಹಾಯುದ್ಧದಲ್ಲಿ ಬಾಂಬಿನಿಂದ ಛಾವಣಿ ಕುಸಿದು ಅದರ ಮೇಲೆ ಬಿದ್ದಾಗ ಮರದ ಕವಚ ನೂರಾರು ಚೂರುಗಳಾಯಿತು. ಆ ಚೂರುಗಳನ್ನು ಒಂದೊಂದಾಗಿ ಹೊಂದಿಸಿ ಅಂಟಿಸಿ 1947ರ ವೇಳೆಗೆ ಮತ್ತೆ ನಿಲ್ಲಿಸಿದ ಅಜ್ಞಾತ ಕುಶಲಿಗಳನ್ನು ನಾನು ಕೈಮುಗಿದು ನೆನೆಯುತ್ತೇನೆ. ಹೊರಗಿನ ರೂಪ ಹೀಗೆ ಉಳಿಯಿತಾದರೂ ಒಳಗಿನ ಯಂತ್ರಕ್ಕೆ ಅಂಥ ಭಾಗ್ಯ ದೊರೆಯಲಿಲ್ಲ. ಯಾಂತ್ರಿಕ ವಾದ್ಯಗಳ ಚರಿತ್ರೆಯನ್ನು ಆಳವಾಗಿ ಅಭ್ಯಾಸ ಮಾಡಿದ ಆರ್ಥರ್ ಆರ್ಡ್-ಹ್ಯೂಮ್ ಅದನ್ನು ಪರೀಕ್ಷಿಸಿ, ಬ್ರಿಟನ್ನಿಗೆ ಬಂದ ಮೇಲೆ ನಡೆದ ದುರಸ್ತಿಗಳು ನಿರ್ದಾಕ್ಷಿಣ್ಯವಾಗಿದ್ದು ಮೂಲ ಕಾರ್ಯವಿಧಾನದ ಬಹುಭಾಗ ಅವುಗಳಲ್ಲಿ ನಾಶವಾಯಿತೆಂದು ನಿರ್ಣಯಿಸಿದ್ದಾನೆ. ಸದ್ದು ಬಂದರೆ ಸಾಕು, ಕೈ ಎದ್ದರೆ ಸಾಕು, ನೋಡುವವರಿಗೆ ಅಷ್ಟೇ ತಾನೆ ಬೇಕಾದುದು ಎಂದುಕೊಂಡು ಅರ್ಥವಾಗದ ಅಂಗಗಳನ್ನು ಮಾರ್ಪಡಿಸುತ್ತ ಹೋದುದರ ಫಲವಿದು. ಶ್ರೀರಂಗಪಟ್ಟಣದ ಯಾಂತ್ರಿಕರು ಗಾಳಿಯನ್ನು ಹೇಗೆ ಹಂಚಿದ್ದರು, ಒಂದೇ ಹಿಡಿಯ ತಿರುವಿನಿಂದ ಗೋಳನ್ನೂ ಗುಟುರನ್ನೂ ಹೇಗೆ ಬೇರೆ ಬೇರೆ ಕಾಲಕ್ಕೆ ಹೊರಡಿಸಿದ್ದರು ಎಂಬುದನ್ನು ನಿಸ್ಸಂಶಯವಾಗಿ ಹೇಳಬಲ್ಲ ಸಾಕ್ಷಿ ಆ ಯಂತ್ರದೊಳಗೇ ಇತ್ತು. ಅದನ್ನು ಕಳೆದವರು ಕಳ್ಳರಲ್ಲ, ಸುಲಭ ಮಾಡಹೊರಟವರು. ಇಂದಿನ ಹವ್ಯಾಸಿಯು ಪೆಟ್ಟಿಗೆಯನ್ನು ತೆರೆದು, ಹಲ್ಲುಗಾಲಿಗಳಿರಬೇಕಾದೆಡೆಯಲ್ಲಿ ಮುಚ್ಚಿದ ಒಂದು ಪ್ಲಾಸ್ಟಿಕ್ ಗೂಡನ್ನು ಕಂಡು ಮರುಗುವುದಕ್ಕೂ ಇದಕ್ಕೂ ಜಾತಿಯಲ್ಲಿ ಭೇದವಿಲ್ಲ.

ಟಿಪ್ಪುವಿನ ಅನಂತರದ ಶ್ರೀರಂಗಪಟ್ಟಣದಲ್ಲಿ ಕಟ್ಟುವ ಹುಚ್ಚಿನ ಇನ್ನೊಬ್ಬನು ಕಾಣುತ್ತಾನೆ. ಅವನ ಕಥೆಗೆ ಮೊದಲು ಒಂದು ಸೇತುವೆಯ ಮಾತು ಹೇಳಬೇಕು. ದಿವಾನ್ ಪೂರ್ಣಯ್ಯನವರ ಮೇಲ್ವಿಚಾರಣೆಯಲ್ಲಿ 1804ರಲ್ಲಿ ಮುಗಿದ ವೆಲ್ಲೆಸ್ಲಿ ಸೇತುವೆ ಸಂಪೂರ್ಣವಾಗಿ ನಮ್ಮವರ ಪದ್ಧತಿಯದು. ನದಿಯ ಬಂಡೆಯಲ್ಲಿ ನಾಟಿದ ಕಲ್ಲುಕಂಬಗಳು, ಅವುಗಳ ತಲೆಯ ಮೇಲೆ ಬೋದಿಗೆಗಳು, ಬೋದಿಗೆಗಳ ಮೇಲೆ ಕಲ್ಲಿನ ತೊಲೆಗಳು. ದೇವಸ್ಥಾನದ ಮಂಟಪವನ್ನು ಕಟ್ಟಬಲ್ಲವರು ಅದೇ ವಿದ್ಯೆಯನ್ನು ಕಾವೇರಿಯ ಮೇಲೆ ಹರಡಿದರು. ಇದಾದ ಕೆಲವು ವರ್ಷಗಳಲ್ಲಿ ಮದ್ರಾಸ್ ಸೈನ್ಯದ ಎಂಜಿನಿಯರಾಗಿದ್ದ ಕ್ಯಾಪ್ಟನ್ ಥಾಮಸ್ ಡಿ ಹ್ಯಾವಿಲೆಂಡ್ ಎಂಬಾತನು ಕಾವೇರಿಗೆ ನೂರಡಿಗೂ ಮೀರಿದ ಹರವುಳ್ಳ ತಗ್ಗಾದ ಇಟ್ಟಿಗೆ ಕಮಾನುಗಳ ಸೇತುವೆಯನ್ನು ಕಟ್ಟಬಹುದೆಂದು ಸೂಚಿಸಿದನು. ಮೇಲಿನವರು ಅದು ನಿಲ್ಲಲಾರದೆಂದು ತಳ್ಳಿಹಾಕಿದರು. ಆತ ವಾದಕ್ಕೆ ನಿಲ್ಲದೆ, 1808ರ ಸುಮಾರಿನಲ್ಲಿ, ತನ್ನ ತೋಟದಲ್ಲಿ ಅದೇ ಅಳತೆಯ ಒಂದು ಕಮಾನನ್ನು ಇಟ್ಟಿಗೆಗೆ ಇಟ್ಟಿಗೆ ಸೇರಿಸಿ ಕಟ್ಟಿ ತೋರಿಸಿದನು. ಅದರ ಕೆಳಗೆ ನೀರೂ ಇರಲಿಲ್ಲ, ಮೇಲೆ ದಾರಿಯೂ ಇರಲಿಲ್ಲ. ಸೇತುವೆ ಆಗಲೇ ಇಲ್ಲ. ಆ ಒಂಟಿ ಕಮಾನು ಮಾತ್ರ 1930ರ ದಶಕದವರೆಗೆ, ಒಂದು ಶತಮಾನಕ್ಕೂ ಹೆಚ್ಚು ಕಾಲ, ಬಿಸಿಲು ಮಳೆಗಳನ್ನು ಸಹಿಸಿ ನಿಂತಿತ್ತು. ಡಿ ಹ್ಯಾವಿಲೆಂಡ್ ಮುಂದೆ ಮದ್ರಾಸಿನಲ್ಲಿ ಸಂತ ಆಂಡ್ರ್ಯೂಸರ ಚರ್ಚಿನ ಗುಮ್ಮಟವನ್ನು ಕಟ್ಟಿ ಕೀರ್ತಿವಂತನಾದನು. ಆದರೂ ಆತನ ಸ್ವಭಾವವನ್ನು ಅರಿಯಬೇಕೆಂಬವರಿಗೆ ತೋಟದ ಕಮಾನೇ ಹೆಚ್ಚಿನ ಆಧಾರ. ತನ್ನ ಸಂತೋಷಕ್ಕಾಗಿ, ತನ್ನ ನಂಬಿಕೆಯ ನಿದರ್ಶನಕ್ಕಾಗಿ, ಯಾವ ಪ್ರಯೋಜನವನ್ನೂ ನಿರೀಕ್ಷಿಸದೆ ಪೂರ್ಣ ಶ್ರದ್ಧೆಯಿಂದ ಕಟ್ಟುವವನನ್ನಲ್ಲದೆ ಬೇರೆ ಯಾರನ್ನು ಹವ್ಯಾಸಿಯೆನ್ನಬೇಕು?

ಕಟ್ಟಿದುದನ್ನು ಬಿಚ್ಚಬಹುದೆ ಎಂಬ ಪ್ರಶ್ನೆ ಹೊರನೋಟಕ್ಕೆ ಆಟಿಕೆಯವರಿಗೆ ಮಾತ್ರ ಸಂಬಂಧಿಸಿದಂತೆ ತೋರುತ್ತದೆ. ಈ ಸೀಮೆಯಲ್ಲಿ ಈಚೆಗೆ ನಡೆದ ಎರಡು ಘಟನೆಗಳು ಅದರ ಮಹತ್ತ್ವವನ್ನು ಬಹಳ ಚೆನ್ನಾಗಿ ತೋರಿಸಿಕೊಟ್ಟುವು. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆಯ ಹಿಂದೆ ನೀರು ಏರಿದಾಗ ಕನ್ನಂಬಾಡಿಯ ಹಳೆಯ ಊರೂ ಅಲ್ಲಿನ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇವಾಲಯವೂ ಮುಳುಗಿದುವು. ಮಳೆ ತಪ್ಪಿದ ವರ್ಷಗಳಲ್ಲಿ ಮಾತ್ರ ದೇವಾಲಯ ಮೇಲೆದ್ದು ಕಾಣುತ್ತಿತ್ತು. ದಶಕಗಳು ಕಳೆದ ಮೇಲೆ ಖೋಡೆ ಪ್ರತಿಷ್ಠಾನದವರು ಆ ಕಟ್ಟಡದ ಪ್ರತಿಯೊಂದು ಭಾಗದ ಚಿತ್ರ ತೆಗೆದು, ಕಲ್ಲುಕಲ್ಲಿಗೂ ಗುರುತು ಹಾಕಿ, ಮೇಲಿನಿಂದ ಕೆಳಕ್ಕೆ ಬಿಚ್ಚಿ, ಪಾಂಡವಪುರದ ಕಡೆಯ ಎತ್ತರದ ದಡದಲ್ಲಿ ಹೊಸ ಕನ್ನಂಬಾಡಿಯ ಬಳಿ ಕೆಳಗಿನಿಂದ ಮೇಲಕ್ಕೆ ಮತ್ತೆ ಕಟ್ಟಿದರು. 2011ರಲ್ಲಿ ಆ ಕಾರ್ಯ ಮುಗಿಯಿತು. ಎಂಟು ಶತಮಾನಗಳ ಹಿಂದೆ ರೂವಾರಿಗಳು ಬಿಡಿಯಾಗಿ ಕಡಿದು ಹೊಂದಿಸಿದ್ದರಿಂದಲೇ ಎಂಟು ಶತಮಾನಗಳ ಅನಂತರ ಅದನ್ನು ಬಿಡಿಯಾಗಿ ಎತ್ತಿ ಹೊಂದಿಸಲು ಸಾಧ್ಯವಾಯಿತು. ಬಿಚ್ಚಿದವರು ಕಟ್ಟಿದವರ ಶಿಷ್ಯರಾದರು. ಯಾವ ಕಲ್ಲು ಯಾವುದರ ಭಾರವನ್ನು ಹೊತ್ತಿದೆಯೆಂಬುದನ್ನು ಆ ಕಲ್ಲುಗಳೇ ಅವರಿಗೆ ಕಲಿಸಿದುವು.

ಎರಡನೆಯದು ಶ್ರೀರಂಗಪಟ್ಟಣದಲ್ಲಿ ನಡೆದುದು. ಬೆಂಗಳೂರು ಮೈಸೂರು ರೈಲುದಾರಿಯನ್ನು ಜೋಡಿಮಾಡುವಾಗ ಟಿಪ್ಪುವಿನ ಕಾಲದ ಶಸ್ತ್ರಾಗಾರವೊಂದು ಮಧ್ಯೆ ಅಡ್ಡವಾಯಿತು. ಇಟ್ಟಿಗೆ ಗಾರೆಗಳು ಬೆಸೆದು ಏಕಶಿಲೆಯಂತಾಗಿದ್ದ ಆ ಕಟ್ಟಡವನ್ನು ಬಿಚ್ಚುವ ಬಗೆಯಿರಲಿಲ್ಲ. ಆದಕಾರಣ ಅದರ ಅಡಿಪಾಯವನ್ನು ಕೊರೆದು, ಉಕ್ಕಿನ ತೊಲೆಗಳನ್ನು ತೂರಿಸಿ, ಸುಮಾರು ಸಾವಿರ ಟನ್ ತೂಕದ ಇಡೀ ಮೈಯನ್ನು ಯಂತ್ರಗಳಿಂದ ಎತ್ತಿ 2017ರ ಮಾರ್ಚ್ ತಿಂಗಳಿನಲ್ಲಿ ಸುಮಾರು ನೂರು ಮೀಟರುಗಳಾಚೆಗೆ ಸರಿಸಿದರು. ಅದು ಎಂಜಿನಿಯರುಗಳ ದೊಡ್ಡ ಸಾಧನೆ; ಸ್ಮಾರಕ ಉಳಿದುದಕ್ಕಾಗಿ ಅವರನ್ನು ಅಭಿನಂದಿಸಬೇಕು. ಆದರೂ ಆ ಶಸ್ತ್ರಾಗಾರವನ್ನು ಸಾಗಿಸಿದವರಿಗೆ ಅದನ್ನು ಕಟ್ಟಿದ ಕ್ರಮ ಎಷ್ಟು ತಿಳಿಯಿತೋ, ಕನ್ನಂಬಾಡಿಯಲ್ಲಿ ಕೆಲಸ ಮಾಡಿದವರಿಗೆ ಅದಕ್ಕಿಂತ ಬಹಳ ಹೆಚ್ಚು ತಿಳಿಯಿತೆಂಬುದರಲ್ಲಿ ಸಂದೇಹವಿಲ್ಲ.

ಸುಲಭಗೊಳಿಸಿದ ಪ್ರತಿಕೃತಿ ಸುಳ್ಳು ಹೇಳುತ್ತದೆಂಬುದನ್ನು ಅಂಕಿಗಳಿಂದಲೇ ಸಾಧಿಸಬಲ್ಲ ಸ್ಥಳವೂ ಇಲ್ಲಿಯೇ ಇದೆ. ಕೃಷ್ಣರಾಜಸಾಗರದಲ್ಲಿ 1944ರಲ್ಲಿ ಸ್ಥಾಪಿತವಾದ ಎಂಜಿನಿಯರಿಂಗ್ ಸಂಶೋಧನ ಕೇಂದ್ರದಲ್ಲಿ ಅಣೆಕಟ್ಟು, ಕೋಡಿ, ತೂಬುಗಳ ಮಾದರಿಗಳನ್ನು ಅಳತೆಗೆ ಸರಿಯಾಗಿ ನಿರ್ಮಿಸಿ, ಅವುಗಳ ಮೇಲೆ ನೀರು ಹರಿಸಿ ಪರೀಕ್ಷಿಸುವ ಪದ್ಧತಿಯುಂಟು. ಅಂಥ ಮಾದರಿಯಲ್ಲಿ ಅಳತೆಯನ್ನು ತಗ್ಗಿಸಿದಂತೆ ಪ್ರವಾಹದ ವೇಗವನ್ನೂ ನಿಯತವಾದ ಪ್ರಮಾಣದಲ್ಲಿ ತಗ್ಗಿಸಬೇಕು; ನೋಟಕ್ಕೆ ಮುಖ್ಯವಲ್ಲವೆಂದು ಒಂದು ತಿರುವನ್ನೋ ಒಂದು ಅಂಚನ್ನೋ ಬಿಟ್ಟರೆ ನೀರು ಬೇರೆ ರೀತಿಯಲ್ಲಿ ವರ್ತಿಸಿ, ಆ ತಪ್ಪು ನಾಳೆ ನಿಜವಾದ ಕಟ್ಟೆಯ ಬುಡವನ್ನು ಕೊರೆಯುತ್ತದೆ. ಏನನ್ನು ಬಿಡಬಹುದು, ಏನನ್ನು ಬಿಡಬಾರದು ಎಂಬ ವಿವೇಕ ಪ್ರತಿಕೃತಿ ನಿರ್ಮಾಣದ ಸಾರವಾದುದರಿಂದ, ಆ ವಿವೇಕವಿಲ್ಲದೆ ಬರಿಯ ಅಗ್ಗಕ್ಕಾಗಿ ಬಿಟ್ಟುದನ್ನು ಸರಳತೆಯೆಂದು ಕರೆಯುವುದು ತಪ್ಪು.

ಅರಸರ ಮತ್ತು ಎಂಜಿನಿಯರುಗಳ ಮಾತಾಯಿತು. ಊರಿನ ಮಕ್ಕಳನ್ನು ಮರೆಯಲಾಗದು. ಪೆಟ್ಟಿಗೆಯ ಆಟಿಕೆಗಳನ್ನು ಕಣ್ಣಿನಿಂದಲೂ ಕಾಣದಿದ್ದ ಕಾಲದಲ್ಲಿ ಹಳ್ಳಿಯ ಹುಡುಗರು ಜೋಳದ ದಂಟನ್ನು ಸುಲಿದು, ಒಳಗಿನ ಬೆಂಡನ್ನು ಮರದ ದಿಮ್ಮಿಯೆಂದೂ ಹೊರಗಿನ ಸಿಬಿರನ್ನು ಮೊಳೆಯೆಂದೂ ಬಳಸಿ ಗಾಡಿ ಕಟ್ಟುತ್ತಿದ್ದರು. ನೊಗ, ಮೂಕಿ, ಅಚ್ಚು, ಗುಂಬ, ಅರಗಳು, ಕಡೆಗೀಲು, ಇವುಗಳಲ್ಲಿ ಒಂದನ್ನು ಬಿಟ್ಟು ಕಟ್ಟಿದವನ ಗಾಡಿಯನ್ನು ಜೊತೆಯ ಹುಡುಗರು ಗಾಡಿಯೆಂದು ಒಪ್ಪುತ್ತಿರಲಿಲ್ಲ. ಮನೆಯ ಅಂಗಳದಲ್ಲಿ ನಿಜವಾದ ಗಾಡಿ ನಿಂತಿತ್ತು. ಅದನ್ನು ನೋಡಿ ತಿದ್ದಿಕೊಳ್ಳುವುದಕ್ಕೆ ಯಾವ ತೊಂದರೆಯೂ ಇರಲಿಲ್ಲ. ಮೇಲುಕೋಟೆಯಂಥ ಊರುಗಳಲ್ಲಿ ತೇರಿನ ಕಾಲ ಬಂದರೆ ಮರದ ಗಡ್ಡೆಯ ಮೇಲೆ ಬೊಂಬು, ಹಗ್ಗ, ಬಟ್ಟೆ, ಬಾವುಟಗಳಿಂದ ದೊಡ್ಡವರು ತೇರು ಕಟ್ಟುವುದನ್ನು ಮಕ್ಕಳು ದಿನವೂ ನಿಂತು ನೋಡುವರು. ಉತ್ಸವ ಮುಗಿದ ಮೇಲೆ ಅದನ್ನು ಬಿಚ್ಚುವುದನ್ನೂ ನೋಡುವರು. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ನವರಾತ್ರಿಯ ಮಹೋತ್ಸವದ ಹಿಂಬಾಲಾಗಿ ಮನೆಮನೆಗಳಲ್ಲಿ ನೆಲೆನಿಂತ ಗೊಂಬೆಯ ಹಬ್ಬದಲ್ಲಿಯೂ ಪಟ್ಟದ ಗೊಂಬೆಗಳ ಮುಂದೆ ಮಣ್ಣು, ರಾಗಿಯ ಪೈರು, ಕಡ್ಡಿ, ಕಾಗದಗಳಿಂದ ತೋಟವನ್ನೋ ಕೋಟೆಯನ್ನೋ ಕಟ್ಟುವ ಕೆಲಸದಲ್ಲಿ ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರಿಗೂ ಪಾಲಿತ್ತು. ಅಲ್ಲಿ ಮಕ್ಕಳ ಕಟ್ಟಣೆ, ದೊಡ್ಡವರ ಕಟ್ಟಣೆ ಎಂಬ ಭೇದವಿರಲಿಲ್ಲ.

ಆ ನಂತರ ಪೇಟೆಯ ಪೆಟ್ಟಿಗೆಗಳು ಬಂದುವು. ನಮ್ಮ ದೇಶದಲ್ಲಿಯೇ ತಯಾರಾದ ಮೆಕ್ಯಾನಿಕ್ಸ್ ಎಂಬ ಲೋಹದ ಪಟ್ಟಿಗಳ ಪೆಟ್ಟಿಗೆಯಿಂದ ಸ್ಕ್ರೂಡ್ರೈವರ್ ಹಿಡಿಯುವುದನ್ನು ಕಲಿತು ಮುಂದೆ ಯಂತ್ರವಿದ್ಯೆಗೆ ಹೋದವರು ಕರ್ನಾಟಕದಲ್ಲಿ ಬಹು ಮಂದಿ ಇದ್ದಾರೆ. ನಟ್ಟು ಕೈತಪ್ಪಿ ಮಂಚದ ಕೆಳಗೆ ಉರುಳಿದುದನ್ನು ಹುಡುಕಿದ ಆ ತಲೆಮಾರಿನವರು ಇಂದು ಮಧ್ಯವಯಸ್ಸನ್ನು ದಾಟಿದ್ದಾರೆ. ಈಗ ಅಂಗಡಿಗೆ ಹೋಗಿ ಕೋಟೆಯ ಪೆಟ್ಟಿಗೆಯೊಂದನ್ನು ಕೊಂಡರೆ ಅದರಲ್ಲಿ ನಾಲ್ಕು ಗೋಡೆಗಳೂ ನಾಲ್ಕು ಬುರುಜುಗಳೂ ಒಂದು ಬಾಗಿಲೂ ದೊರೆಯುತ್ತವೆ. ಕಲ್ಲಿನ ಸಾಲುಗಳು ಪ್ಲಾಸ್ಟಿಕ್ಕಿನ ಮೇಲೆ ಗೀರಿದ ಗೆರೆಗಳಾಗಿ ಮಾತ್ರ ಉಳಿದಿರುತ್ತವೆ. ಮೂರು ನಾಲ್ಕು ವರ್ಷದ ಕೂಸಿಗೆ ಅದು ತಕ್ಕದ್ದೇ. ಎಳೆಯ ಬೆರಳುಗಳಿಗೆ ದೊಡ್ಡ ತುಂಡುಗಳೇ ಬೇಕು, ಅದರಲ್ಲಿ ನನ್ನ ಆಕ್ಷೇಪಣೆಯಿಲ್ಲ. ಹನ್ನೆರಡು ವರ್ಷದವನಿಗೂ ನಲವತ್ತು ವರ್ಷದವನಿಗೂ ಅದೇ ಪೆಟ್ಟಿಗೆಯನ್ನು ಬೇರೆ ಬಣ್ಣದ ಮುಚ್ಚಳ ಹಾಕಿ ಮಾರುವುದು ಮಾತ್ರ ಅನ್ಯಾಯ. ಗೋಡೆಯೊಂದು ಒಂದೇ ತುಂಡಾಗಿ ಕೈಗೆ ಬಂದಾಗ ಮೂಲೆಯಲ್ಲಿ ಇಟ್ಟಿಗೆಗಳು ಏಕೆ ಒಂದನ್ನೊಂದು ಕಚ್ಚಿಕೊಂಡಿರಬೇಕು, ಬಾಗಿಲಿನ ಮೇಲೆ ಉತ್ತರಾಂಗವೇಕೆ ಬೇಕು, ಕಮಾನು ಯಾವ ಬಲದಿಂದ ನಿಲ್ಲುತ್ತದೆ ಎಂಬ ಪ್ರಶ್ನೆಗಳು ಹುಟ್ಟುವ ಅವಕಾಶವೇ ತಪ್ಪಿಹೋಗುತ್ತದೆ. ಸಣ್ಣ ತುಂಡುಗಳಿಗೆ ಅಚ್ಚಿನ ವೆಚ್ಚ ಹೆಚ್ಚು, ಎಣಿಸಿ ತುಂಬುವ ಶ್ರಮ ಹೆಚ್ಚು, ಕಳೆದುಹೋದರೆ ದೂರು ಹೆಚ್ಚು ಎಂಬ ತಯಾರಕರ ಸಮಾಧಾನವನ್ನು ನಾನು ಬಲ್ಲೆ. ಇವೆಲ್ಲವೂ ನಿಜವೇ ಆದರೂ, ಬಿಡಿಭಾಗಗಳ ಪೆಟ್ಟಿಗೆಗೆ ಹೆಚ್ಚು ಬೆಲೆ ಕೊಡಲು ಸಿದ್ಧರಾದ ಪ್ರೌಢರು ಲೋಕದಲ್ಲಿ ಲಕ್ಷಾಂತರ ಇದ್ದಾರೆಂಬುದನ್ನು ಡೆನ್ಮಾರ್ಕಿನವರ ಈಚಿನ ವ್ಯಾಪಾರ ತೋರಿಸಿಕೊಟ್ಟಿದೆ.

ಕೊಪ್ಪಳದ ಭಾನಾಪುರದಲ್ಲಿ ಆಟಿಕೆಗಳಿಗೆಂದೇ ಒಂದು ಕೈಗಾರಿಕಾ ನೆಲೆಯಿದೆ. ಚನ್ನಪಟ್ಟಣದಲ್ಲಿ ಆಲೆಮರವನ್ನು ಕಡೆಯುವ ಕೈಗಳು ಇನ್ನೂ ಇವೆ. ನಾಗಮಂಗಲದಲ್ಲಿ ಅಚ್ಚು ತೆಗೆಯಬಲ್ಲವರಿದ್ದಾರೆ. ಇವರಲ್ಲಿ ಯಾರಾದರೂ ಮನಸ್ಸು ಮಾಡಿ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯವನ್ನು, ಅದನ್ನು ಬಿಚ್ಚಿ ಕಟ್ಟಿದ ಕ್ರಮದಲ್ಲಿಯೇ, ಅಧಿಷ್ಠಾನದ ಒಂದೊಂದು ವರಸೆಯೂ ಕಂಬದ ಒಂದೊಂದು ಅಂಗವೂ ಪ್ರತ್ಯೇಕವಾದ ತುಂಡಾಗಿರುವಂತೆ, ಪ್ರತಿ ತುಂಡಿನ ಅಡಿಯಲ್ಲಿ ಅದರ ಅಂಕೆಯನ್ನು ಕೊರೆದು, ಭಾಗಗಳ ಹೆಸರುಗಳನ್ನು ಕನ್ನಡದಲ್ಲಿ ಅಚ್ಚುಹಾಕಿದ ಕೈಪಿಡಿಯ ಸಮೇತ ಪೆಟ್ಟಿಗೆಯಲ್ಲಿಟ್ಟು ಕೊಡಬೇಕೆಂದು ಪ್ರಾರ್ಥಿಸುತ್ತೇನೆ. ವೆಲ್ಲೆಸ್ಲಿ ಸೇತುವೆಯ ಒಂದು ಅಂಕಣ, ಡಿ ಹ್ಯಾವಿಲೆಂಡನ ಕಮಾನು, ಹೊಸಹೊಳಲಿನ ಒಂದು ತಿರುಗಣೆ ಕಂಬ ಇವೂ ಆ ಸಾಲಿನಲ್ಲಿ ಬರಬಹುದು. ತುಂಡುಗಳು ಸಾವಿರವಾದರೂ ಚಿಂತೆಯಿಲ್ಲ, ಕಟ್ಟಿ ಮುಗಿಸಲು ಒಂದು ಚಾತುರ್ಮಾಸ್ಯವೇ ಹಿಡಿದರೂ ಚಿಂತೆಯಿಲ್ಲ. ದಯಮಾಡಿ ಒಂದನ್ನೂ ಕಡಿಮೆ ಮಾಡಬೇಡಿ.